ಬೇಲಿಯ ಹೊರಗೆ ಅರಳಿದ ಹೂ

ನಮ್ಮ ಬೀದಿಯ ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಹೆಂಗಸಿಗೆ ತಾಯಿಯ ಮುಖ ನೆನಪಿಲ್ಲ. ಸಾಕಿ ಬೆಳೆಸಿದವಳು ಅಕ್ಕ. ಊರಾಚೆಯ ಜೌಗಿನಲ್ಲಿ ಅಕ್ಕ ಹುಲ್ಲು ಕೊಯ್ಯುತ್ತಿದ್ದರೆ, ಇವಳು ಕೆಸರಲ್ಲಿ ಕೂತು ನೇರಳೆ ಬಣ್ಣದ ಪುಟ್ಟ ಹೂಗಳ ಜೊತೆ ಮಾತಾಡುತ್ತಿದ್ದಳಂತೆ. ಮೂಗುತಿ ಹೂ ಎಂದು ಅದಕ್ಕೆ ಹೆಸರಿಟ್ಟವರೂ ಇವರಿಬ್ಬರೇ.

ಈಗ ಅಕ್ಕ ಹಾಸಿಗೆ ಹಿಡಿದಿದ್ದಾಳೆ. ಆ ಹೂವನ್ನು ಇನ್ನೊಮ್ಮೆ ನೋಡಬೇಕು ಅನ್ನುವುದೊಂದೇ ಅವಳ ಆಸೆ.

ತಂಗಿ ಗಾಡಿ ಮುಚ್ಚಿ ಕೆರೆಗೆ ಹೋಗಿ, ಕಣ್ಣಿಗೆ ಬಿದ್ದ ನೇರಳೆ ಗೊಂಚಲನ್ನೇ ಹೊತ್ತು ತಂದಳು. ಅಕ್ಕ ಅದನ್ನು ಮುಖದ ಹತ್ತಿರ ಹಿಡಿದು ನೋಡಿ ನಕ್ಕಳು.

“ಇದು ಕೆರೆ ನುಂಗೋ ಕಳೆ ಕಣೇ, ಎಲ್ಲಿಂದಲೋ ಬಂದಿದ್ದು. ಇಸ್ತ್ರಿ ಕಾವಿಗೆ ನಿನ್ನ ತಲೆ ಬೆಂದುಹೋಗಿದೆ. ನಮ್ಮದು ಬೆರಳುದ್ದ, ಕೂದಲಂಥ ದಂಟು, ಹುಡುಕಿದ್ರೂ ಎಲೆ ಕಾಣಲ್ಲ. ಆಳದ ನೀರು ಅದಕ್ಕಾಗಲ್ಲ. ಪಾದ ನೆನೆಯೋ ಕಡೆ ನೋಡು.”

ಜೌಗಿಗೆ ಹೋದರೆ ಅಲ್ಲಿ ತಂತಿಬೇಲಿ. ಕಾಡುಹೂಗಳ ಸಂರಕ್ಷಣೆಗಂತೆ. ಹುಲ್ಲು ಕೊಯ್ಯುವವರನ್ನೂ ಎಮ್ಮೆಗಳನ್ನೂ ಓಡಿಸಿ, ಫೋಟೊ ತೆಗೆಸಿಕೊಂಡು ದೊಡ್ಡವರು ಹೊರಟುಹೋಗಿದ್ದರು. ಹುಲ್ಲು ಎದೆಮಟ್ಟ ಬೆಳೆದು, ಅದರ ನೆರಳಲ್ಲಿ ಆ ಬೆರಳುದ್ದದ ಜೀವಗಳು ಅಳಿದಿದ್ದವು. ಕುಡುಗೋಲು ಆಡುತ್ತಿದ್ದುದರಿಂದಲೇ ಅವಕ್ಕೆ ಬಿಸಿಲು ಸಿಗುತ್ತಿತ್ತು ಎಂಬುದು ಅಕ್ಕತಂಗಿಯರಿಗೂ ಹೊಳೆದಿರಲಿಲ್ಲ, ನಿಜ. ಆದರೆ ಬೇಲಿ ಹಾಕಿದವರು ನೀವಲ್ಲವೇ ಸ್ವಾಮಿ? ಒಂದು ಸಲವಾದರೂ ತಿರುಗಿ ಬಂದು, ಒಳಗೆ ಏನು ಉಳಿದಿದೆ ಎಂದು ನೋಡಿದಿರಾ?

ಹೂ ಸಿಕ್ಕಿದ್ದು ಬೇಲಿಯ ಹೊರಗೆ. ಕಂಬ ತಂದ ಲಾರಿಯ ಗಾಲಿ ಕೊರೆದ ಗುಂಡಿಯಲ್ಲಿ, ತೆಳು ನೀರಿನ ಅಂಚಿಗೆ ನಾಲ್ಕಾರು ನಿಂತಿದ್ದವು. ತಂಗಿ ಒಂದನ್ನು ಕಿತ್ತಳು. ಅದು ಅಂಗೈಯಲ್ಲೇ ಮುದುಡಿಹೋಯಿತು. ಇನ್ನೊಂದಕ್ಕೆ ಕೈ ಹಾಕಲು ಮನಸ್ಸು ಬರಲಿಲ್ಲ. ಹೂವು ಅಕ್ಕನ ಹತ್ತಿರ ಹೋಗದಿದ್ದರೆ ಅಕ್ಕನೇ ಇಲ್ಲಿಗೆ ಬರಲಿ ಅಂದುಕೊಂಡಳು.

ಎದುರುಮನೆಯ ಆಟೋದವನು ಅಕ್ಕನನ್ನು ಮಗುವಿನಂತೆ ಎತ್ತಿ ಕೂರಿಸಿ, ಗುಂಡಿಗೆ ಆದಷ್ಟು ಹತ್ತಿರ ತಂದು ನಿಲ್ಲಿಸಿದ. ಆ ಕೆಸರಿಗೆ ಅವಳನ್ನು ಇಳಿಸುವಂತಿರಲಿಲ್ಲ. ತಂಗಿ ಕುಕ್ಕರಗಾಲಲ್ಲಿ ಕೂತು, ಹೂವಿನ ಮೇಲೆ ಬೆರಳು ಚಾಚಿದಳು.

“ಕಾಣ್ತಾ ಇದೆಯಾ ಅಕ್ಕಾ?”

“ಕಾಣದೆ ಏನು. ಎಷ್ಟೊಂದಿವೆ ನೋಡೇ.”

ಅಕ್ಕನ ದೃಷ್ಟಿ ಗುಂಡಿಯ ಕಡೆಗಿರಲಿಲ್ಲ. ಬೇಲಿಯಾಚೆ, ಎತ್ತರದ ಹುಲ್ಲು ತೂಗುತ್ತಿದ್ದ ಕಡೆ ನೆಟ್ಟಿತ್ತು. ತಂಗಿ ಬೆರಳು ಮಡಚಿಕೊಂಡು, ತಾನೂ ಆ ಕಡೆಗೇ ತಿರುಗಿ, ಹೌದಕ್ಕಾ, ತುಂಬಾ ಇವೆ ಅಂದಳು.