ಬಿಳಿಯ ಮೇಲೆ ಬಿಳಿ

ಕೊಟ್ರಮ್ಮಕ್ಕ, ನೀನು ಅವತ್ತು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು — ಅದೂ ನಿನ್ನ ಗಂಡನ, ಅತ್ತೆಯ ಎದುರಿಗೇ, ನಿನ್ನದೇ ಫೋನು ಕೈಯಲ್ಲಿ ಹಿಡಿದು.

ಹರಪನಹಳ್ಳಿಯ ಆ ಖಾಸಗಿ ಶಾಲೆಯ ವೆಬ್‌ಸೈಟ್ ಮಾಡಿಕೊಟ್ಟವನು ನಾನೆಂದು ಕೊಟ್ಟೂರಿನ ನಮ್ಮ ಓಣಿಗೆಲ್ಲ ಗೊತ್ತಿತ್ತು. ಅಲ್ಲಿ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದ ನೀನು ದಿನವೂ ಅದನ್ನು ತೆರೆದು ನೋಡುತ್ತಿದ್ದೆ. ಸಂದರ್ಶನ ಭಾನುವಾರದಿಂದ ಶನಿವಾರಕ್ಕೆ ಬದಲಾದಾಗ ಸೂಚನೆ ಹಾಕಿದವನೂ ನಾನೇ — ಕೆಂಪು ಪಟ್ಟಿಯ ಮೇಲೆ ಬಿಳಿ ಅಕ್ಷರ. ಅಕ್ಷರಕ್ಕೆ 'ವೈಟ್' ಎಂದು ಬಣ್ಣದ ಹೆಸರನ್ನೇ ಬರೆದೆ. ಅದು ಯಾವ ಬ್ರೌಸರಿಗಾದರೂ ತಿಳಿಯುತ್ತದೆ. ಪಟ್ಟಿಯ ಕೆಂಪಿಗೆ ಮಾತ್ರ ಹೆಸರಿನ ಬದಲು ಹ್ಯಾಶ್ ಗುರುತು ಹಾಕಿ ಎಂಟು ಅಂಕಿ-ಅಕ್ಷರಗಳ ಬಣ್ಣದ ಸಂಕೇತ ಕೊಟ್ಟೆ. ಆರು ಸಾಕಿತ್ತು. ಕೊನೆಯ ಎರಡು, ಕೆಂಪನ್ನು ಒಂಚೂರು ತೆಳುವಾಗಿಸಲು — ಬರೀ ಶೋಕಿ. ಹೊಸ ಬ್ರೌಸರುಗಳಿಗೆ ಅದು ಅರ್ಥವಾಗುತ್ತದೆ. ಹಳೆಯವು ಎಂಟನ್ನು ಕಂಡರೆ ಆ ಬಣ್ಣವನ್ನೇ ಕೈಬಿಡುತ್ತವೆ. ಆಗ ಉಳಿಯುವುದು ಬಿಳಿ ಪುಟದ ಮೇಲೆ ಬಿಳಿ ಅಕ್ಷರ.

ನನ್ನ ಕಂಪ್ಯೂಟರಿನಲ್ಲಿ ಚೆಂದ ಕಂಡಿತು, ಅಷ್ಟಕ್ಕೇ ಬಿಟ್ಟೆ. ಗಂಡ ಹೊಸ ಫೋನು ತೆಗೆದುಕೊಂಡರೆ ಹಳೆಯದು ಹೆಂಡತಿಗೆ — ನಮ್ಮ ಓಣಿಯ ಪದ್ಧತಿ ಅದು, ನಮ್ಮ ಮನೆಯಲ್ಲೂ ಹಾಗೆಯೇ. ಆದರೂ ಅಂಥದೊಂದು ಹಳೆಯ ಫೋನಿನಲ್ಲಿ ತೆರೆದು ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ನೀನು ಭಾನುವಾರ ಹೋದೆ. ಶಾಲೆಯ ಗೇಟಿಗೆ ಬೀಗ. ಸಂಜೆ ನಿನ್ನ ಗಂಡ ಶರಣಪ್ಪ ತನ್ನ ಹೊಸ ಫೋನಿನಲ್ಲಿ ಆ ಪುಟ ತೆರೆದವನೇ ನಿನ್ನನ್ನು ನನ್ನ ಕಂಪ್ಯೂಟರ್ ಅಂಗಡಿಗೆ ಕರೆತಂದ. ಹಿಂದೆ ನಿನ್ನ ಅತ್ತೆ.

"ಶನಿವಾರ ಅಂತ ಕೆಂಪಗ ಬರದೈತಿ," ಎಂದ ಅವನು. "ನೀ ಇವತ್ತು ದಿನಾ ಪೂರ್ತಿ ಎಲ್ಲಿದ್ದಿ?"

ನೀನು ಅಳಲಿಲ್ಲ. "ನನ್ನ ಫೋನಿನ್ಯಾಗ ಇಲ್ಲಪ್ಪ, ನೀನ ನೋಡು" ಎಂದು ನನ್ನತ್ತ ಚಾಚಿದೆ.

ನೋಡಿದೆ. ಆ ಜಾಗ ಖಾಲಿ. ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ನೆಟ್‌ವರ್ಕ್ ನೋಡುತ್ತೇನೆಂದು ಒಳಗೆ ಹೋಗಿ, ನನ್ನ ಕಂಪ್ಯೂಟರಿನಲ್ಲಿ ಸಂಕೇತದ ಆ ಕೊನೆಯ ಎರಡನ್ನು ಅಳಿಸಿ, ನಿನ್ನ ಫೋನಿನಲ್ಲಿ ಪುಟವನ್ನು ಮತ್ತೆ ತೆರೆದೆ. ಕೆಂಪು ಬಂತು. ಹೊರಗೆ ಬಂದು ಮೂವರಿಗೂ ತೋರಿಸಿದೆ.

"ಐತಲ್ಲಕ್ಕ. ನೀನ ಸರಿಯಾಗಿ ನೋಡಿಲ್ಲ."

ಶಾಲೆಯವರಿಗೆ ಹೆದರಿದೆನೇ? ಕಂಪ್ಯೂಟರ್ ಬಲ್ಲವನೆಂಬ ಹೆಸರು ಕೆಡುತ್ತದೆಂದೇ? ಯಾವುದಾದರೇನು — ಹೇಳಿದ್ದು ಹೇಳಿಯಾಗಿತ್ತು. ಆಮೇಲೆ ನೀನು ಯಾವ ಕೆಲಸಕ್ಕೂ ಅರ್ಜಿ ಹಾಕಲಿಲ್ಲ. ಹಾಕಲು ಅವರು ಬಿಡಲಿಲ್ಲ. ಸಂತೆಗೆ ಹೋಗಿ ಬಂದರೂ ಎಲ್ಲಿದ್ದಿ, ಇಷ್ಟೊತ್ತು ಯಾಕೆ ಎಂಬ ವಿಚಾರಣೆ. ಓಣಿಯಲ್ಲಿ ಅದು ನನಗೂ ಕೇಳಿಸುತ್ತಿತ್ತು, ಕೇಳಿಸದವನಂತೆ ಇದ್ದೆ. ನನ್ನ ಮೇಲೆ ನನಗೇ ಹೇಸಿಗೆ.

ಮೊನ್ನೆ ಮಗಳ ಪರೀಕ್ಷೆಯ ಫಲಿತಾಂಶ ಹಿಡಿದುಕೊಂಡು ನೀನು ನನ್ನ ಬಳಿಯೇ ಬಂದೆ. ನನ್ನ ಬಳಿ!

"ಪಾಸ್ ಅಂತ ಐತಿ. ನೀ ಒಮ್ಮೆ ನೋಡಪ್ಪ, ನನ್ನ ಕಣ್ಣಿನ ಮ್ಯಾಲೆ ನನಗ ನಂಬಿಕಿ ಇಲ್ಲ."

ನಿನ್ನ ಕಣ್ಣು ಸರಿಯಾಗಿಯೇ ಇದ್ದವು, ಅಕ್ಕ. ನಾನು ತಿದ್ದುವ ಮೊದಲಿನ ಆ ಪುಟದ ಪ್ರತಿ ನನ್ನಲ್ಲಿ ಇನ್ನೂ ಇದೆ. ನಾನು ನನ್ನ ಹೆಂಡತಿಗೆ ದಾಟಿಸಿದ ಹಳೆಯ ಫೋನೂ ಇದೆ — ಅದರಲ್ಲಿ ತೆರೆದು ನೋಡಿದೆ, ಬಿಳಿಯ ಮೇಲೆ ಬಿಳಿ. ನಾಳೆ ಶರಣಪ್ಪ ಮನೆಯಲ್ಲಿರುವ ಹೊತ್ತಿಗೆ ಎರಡನ್ನೂ ತರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಓಣಿಯಲ್ಲೇ ನಿಂತು ಹೇಳುತ್ತೇನೆ.