ಒಂದೆಳೆ ಪಾಕ, ಮೂರು ಬೆರಳು

ದೆಹಲಿಯ ದ್ವಾರಕಾದ ಫ್ಲ್ಯಾಟಿನಲ್ಲಿ ಉಪ್ಪಿನಕಾಯಿಯ ಗಾಜಿನ ಭರಣಿ ತೊಳೆಯುತ್ತಿದ್ದಾಗ ಅದು ನನ್ನ ಕೈಯಲ್ಲೇ ಒಡೆಯಿತು. ಸಂಕ್ರಾಂತಿ ಕಳೆದ ವಾರ. ನಲ್ಲಿಯ ನೀರು ಎಷ್ಟು ಕೊರೆಯುತ್ತಿತ್ತೆಂದರೆ, ಬಲಗೈ ಮಣಿಕಟ್ಟು ಕುಯ್ದದ್ದು ಗೊತ್ತಾದದ್ದೇ ಸಿಂಕು ಕೆಂಪಾದ ಮೇಲೆ. ನರವೊಂದು ಪೂರ್ತಿ ತುಂಡಾಗಿದೆ ಎಂದರು ಆಸ್ಪತ್ರೆಯಲ್ಲಿ. ಅಂದೇ ಸಂಜೆ ಹೊಲಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರಲ್ಲೂ ಸ್ಪರ್ಶ ಹೋಗಿತ್ತು.

ಕಾನ್ವೆಂಟಿನಲ್ಲಿ ಜೀವಶಾಸ್ತ್ರದ ಸಿಸ್ಟರ್ ನರವೆಂದರೆ ಟೆಲಿಫೋನ್ ತಂತಿ ಎಂದು ಹೇಳಿಕೊಟ್ಟಿದ್ದರು. ತಂತಿ ಜೋಡಿಸಿದ ಮೇಲೆ ಫೋನು ಬರಲೇಬೇಕೆಂದು ನಾನು ನಂಬಿದ್ದೆ. ಪಟ್ಟಿ ಬಿಚ್ಚಿದರು, ಬೆರಳುಗಳು ಮಾತ್ರ ಬೇರೆ ಯಾರವೋ ಆಗಿಯೇ ಉಳಿದವು. ಬಟಾಣಿ ಸುಲಿಯುವಾಗ ಕೈಗೆ ಬಂದದ್ದು ಕಾಳೋ ಸಿಪ್ಪೆಯೋ, ಕಣ್ಣಿಂದ ನೋಡಿಯೇ ತಿಳಿಯಬೇಕು. ಸೀರೆಯ ನೆರಿಗೆ ಹಿಡಿದದ್ದು ಜಾರಿ ಹೋದರೂ ತಿಳಿಯದು.

ನನ್ನ ಆರೈಕೆಗೆಂದು ಊರಿನಿಂದ ಬಂದಿದ್ದ ಅತ್ತೆಗೆ ಡಾಕ್ಟರ ಮೇಲೆ ಅನುಮಾನ.

"ಹೊಲಿದು ಎರಡು ತಿಂಗಳಾಗ್ತಾ ಬಂತಲ್ಲೇ. ಆ ಡಾಕ್ಟರಮ್ಮ ದಾರ ಸರಿಯಾಗಿ ಹಾಕಿದಾಳೋ ಇಲ್ವೋ!"

ಯುಗಾದಿಗೆ ರವೆ ಉಂಡೆ ಮಾಡುತ್ತಿದ್ದೆವು. ಅತ್ತೆ ರವೆ ಹುರಿಯುತ್ತಿದ್ದರು, ನಾನು ಪಾಕದ ಮುಂದೆ ನಿಂತಿದ್ದೆ. ನಮ್ಮ ಮನೆಯಲ್ಲಿ ಪಾಕಕ್ಕೆ ಗಡಿಯಾರ ನೋಡುವುದಿಲ್ಲ. ಸೌಟಿನಿಂದ ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಬಿಡಿಸಬೇಕು; ಒಂದೆಳೆ ನಿಂತರೆ ಪಾಕ ಬಂತು. ಮದುವೆಯಾದ ಹೊಸದರಲ್ಲಿ ಅತ್ತೆಯೇ ಕಲಿಸಿದ್ದು. ಅಭ್ಯಾಸಬಲದಿಂದ ಬಲಗೈಯೇ ಮುಂದಾಯಿತು. ಹಿಡಿದೆ, ಬಿಡಿಸಿದೆ, ಎಳೆ ನಿಲ್ಲಲಿಲ್ಲ. ಮತ್ತೆ ಹಿಡಿದೆ. ಮೂರನೆಯ ಸಲ ಎಳೆ ಚೆಂದವಾಗಿ ನಿಂತಿತು, ಬೆಳಕಿಗೆ ಹಿಡಿದು ನೋಡುತ್ತಿದ್ದೆ.

"ಅಯ್ಯೋ, ಕೈ ನೋಡ್ಕೊಳ್ಳೇ!"

ಎರಡು ಬೆರಳುಗಳ ತುದಿಯಲ್ಲೂ ಬೊಬ್ಬೆ ಏಳುತ್ತಿತ್ತು. ನೋವಿರಲಿಲ್ಲ. ಭರಣಿ ಒಡೆದ ದಿನ ನನಗೆ ಹೆದರಿಕೆಯಾಗಿರಲಿಲ್ಲ, ಈಗ ಆಯಿತು. ಈ ಬೆರಳುಗಳಿಗೆ ಇನ್ನು ಯಾವತ್ತೂ ಏನೂ ತಿಳಿಯದೇ ಹೋದರೆ?

ಮರುದಿನ ಡಾಕ್ಟರಮ್ಮ ಬೊಬ್ಬೆಗೆ ಮುಲಾಮು ಹಚ್ಚಿದರು. ಅತ್ತೆಯ ಸಂಶಯವನ್ನು ನನ್ನದೆಂಬಂತೆ ಕೇಳಿದೆ. ಅವರು ನಕ್ಕು, ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆಯುತ್ತ ಹಿಂದಿಯಲ್ಲಿ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಎಷ್ಟು ಚೆನ್ನಾಗಿ ಹೊಲಿದರೂ, ಕತ್ತರಿಸಿದ ಜಾಗದಿಂದ ಬೆರಳ ತುದಿಯವರೆಗಿನ ಹಳೆಯ ಎಳೆಗಳು ಸತ್ತೇಹೋಗುತ್ತವೆ. ಹೊಸ ಎಳೆ ಮೇಲಿನಿಂದ ಬೆಳೆದು ಬರಬೇಕು. ಅದಕ್ಕೆ ಮೊದಲು ದಾರಿಯಲ್ಲಿನ ಕಸ ಹೋಗಬೇಕು. ನರದ ಎಳೆಗಳನ್ನು ಸುತ್ತಿಕೊಂಡು ಗ್ಲಿಯಾ ಎಂಬ ಜಾತಿಯ ಕೋಶಗಳಿರುತ್ತವೆ. ಎಳೆಗೆ ಕೊಬ್ಬಿನ ಹೊದಿಕೆ ಹೊದಿಸುವುದು ಅವುಗಳ ನಿತ್ಯದ ಕೆಲಸ. ನರಕ್ಕೆ ಪೆಟ್ಟು ಬಿದ್ದಾಗ ಆ ಕೆಲಸ ಬಿಟ್ಟು, ತಾವೇ ಮಾಡಿದ ಹೊದಿಕೆಯನ್ನು ತಾವೇ ಚೂರು ಮಾಡಿ ನುಂಗತೊಡಗುತ್ತವೆ. ತಮ್ಮಿಂದ ಪೂರೈಸದಿದ್ದರೆ ರಕ್ತದಿಂದ ಕಸ ತಿನ್ನುವ ಬೇರೆ ಕೋಶಗಳನ್ನು ಕರೆಸಿಕೊಳ್ಳುತ್ತವೆ. ಆಮೇಲೆ ಸಾಲಾಗಿ ನಿಂತು ಹೊಸ ಎಳೆಯನ್ನು ಮುಂದಕ್ಕೆ ಕರೆದೊಯ್ಯುತ್ತವೆ, ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರು. ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ಇದೇ ಕುಲದ ಬೇರೆ ಕೋಶಗಳಿವೆಯಂತೆ. ಅಲ್ಲಿ ಕಸ ತೆಗೆಯುವುದು ಬಹಳ ನಿಧಾನ, ನಡುವೆ ಕಲೆಯೂ ಕಟ್ಟುತ್ತದೆ, ಎಳೆಗೆ ದಾಟಲು ಬರುವುದಿಲ್ಲ.

"ನಿಮ್ಮದು ಕೈ. ಅದೃಷ್ಟ ಅಂದ್ಕೊಳ್ಳಿ," ಎಂದರು.

"ಪೂರ್ತಿ ಬರುತ್ತಾ?"

"ಬರಬಹುದು, ಬರದೆಯೂ ಇರಬಹುದು. ಕೆಲವು ಎಳೆ ದಾರಿ ತಪ್ಪಿ ಪಕ್ಕದ ಬೆರಳಿಗೆ ಹೋಗೋದೂ ಉಂಟು. ಅಲ್ಲಿವರೆಗೆ ಬಿಸಿ ವಸ್ತುವನ್ನ ಕಣ್ಣಿಂದ ಮುಟ್ಟಿ, ಕೈಯಿಂದ ಬೇಡ."

ಆಮೇಲೆ ಮಣಿಕಟ್ಟಿನಿಂದ ಅಂಗೈಯ ಕಡೆಗೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಬಂದರು. ಒಂದು ಕಡೆ ಜುಮ್ಮೆಂದಿತು. ಹೊಸ ಎಳೆಯ ತುದಿ ಅಲ್ಲಿಗೆ ಬಂದಿದೆ ಎಂದು ಬಾಲ್‌ಪೆನ್ನಿನಲ್ಲಿ ಒಂದು ಗೆರೆ ಎಳೆದರು.

ಅಂದಿನಿಂದ ಪ್ರತಿ ಭಾನುವಾರ ತಿಂಡಿಯಾದ ಮೇಲೆ ತಟ್ಟುವ ಕೆಲಸ ಯಜಮಾನರದು. ಅವರು ಸರ್ಕಾರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರು. ನನ್ನ ಅಂಗೈ ಮೇಲೂ ಗೆರೆ ಎಳೆದು ಪಕ್ಕದಲ್ಲಿ ಸಣ್ಣ ಸಹಿ ಹಾಕುತ್ತಿದ್ದರು.

"ಅಮ್ಮಾ, ಕರೆಂಟ್ ಆಯಾ ಕ್ಯಾ?" ಹತ್ತು ವರ್ಷದ ಮಗಳು ಟೀವಿಯಿಂದ ಕಣ್ಣು ಕೀಳದೆ, ಕರೆಂಟು ಬಂತಾ ಎಂದು ಹಿಂದಿಯಲ್ಲೇ ಕೇಳುತ್ತಿದ್ದಳು.

"ಫೈಲು ಒಂದು ಟೇಬಲ್ ಮುಂದೆ ಹೋಗಿದೆ," ಎನ್ನುತ್ತಿದ್ದರು ಅವರು.

"ನಿಮ್ಮ ಆಫೀಸಿನ ಫೈಲಾದ್ರೆ ಇವಳ ಕೈ ಮುಂದಿನ ಜನ್ಮಕ್ಕೇ ಕಣೋ," ಎಂದರು ಅತ್ತೆ.

ಪಾತ್ರೆ ತೊಳೆದಂತೆಲ್ಲ ಗೆರೆ ಅಳಿಸಿಹೋಗುತ್ತಿತ್ತು, ಮುಂದಿನ ವಾರ ಬೆರಳಿನ ಕಡೆಗೆ ಸ್ವಲ್ಪ ಸರಿದು ಇನ್ನೊಂದು ಬೀಳುತ್ತಿತ್ತು. ಕೂಲರಿಗೆ ನೀರು ತುಂಬುವ ಕಾಲ ಬಂದಾಗ ಗೆರೆ ಬೆರಳ ಬುಡದಲ್ಲಿತ್ತು. ಅಲ್ಲಿ ಮೂರು ವಾರ ಕದಲದೆ ಕೂತಾಗ ಯಜಮಾನರು ತಮಾಷೆ ಮಾಡಲಿಲ್ಲ, ಸಹಿಯನ್ನೂ ಹಾಕಲಿಲ್ಲ. ನಾಲ್ಕನೆಯ ವಾರ ಅರ್ಧ ಅಕ್ಕಿಕಾಳಿನಷ್ಟು ಕದಲಿತು. ಅಷ್ಟೂ ದಿನ ಪಾಕ ನೋಡಿದವರು ಅತ್ತೆ. ನಾನು ದ್ರಾಕ್ಷಿಯ ತೊಟ್ಟು ಬಿಡಿಸಿದೆ.

ಗೋಕುಲಾಷ್ಟಮಿಗೆ ಉಂಡೆ ಮಾಡುವಾಗ ಅತ್ತೆ ಸೌಟನ್ನು ನನ್ನ ಕಡೆ ಹಿಡಿದರು. ಡಾಕ್ಟರು ಬೇಡವೆಂದದ್ದು ಇಬ್ಬರಿಗೂ ನೆನಪಿತ್ತು. ಅತ್ತೆ ಸೌಟಿಗೆ ಊದಿದರು, ಇನ್ನೊಮ್ಮೆ ಊದಿದರು. ನಾನು ತೋರುಬೆರಳಿನಿಂದ ಹನಿ ತೆಗೆದೆ.

"ಅಬ್ಬ!" ಎಂದು ಕೈ ಎಳೆದುಕೊಂಡೆ.

"ಸುಡ್ತಾ? ನಿಜವಾಗ್ಲೂ ಸುಡ್ತಾ?"

"ಸುಡ್ತು ಅತ್ತೆ."

ಅವರು ಸೌಟು ಕೆಳಗಿಟ್ಟು ನನ್ನ ಕೈ ಹಿಡಿದು ಯಾವ ಬೆರಳೆಂದು ಕೇಳಿದರು. ನಾನು ತೋರಿಸಿದ್ದು ನಡುಬೆರಳನ್ನು. ಹನಿ ಅಂಟಿದ್ದು ತೋರುಬೆರಳಿಗೆ. ಇಬ್ಬರೂ ಸ್ವಲ್ಪ ಹೊತ್ತು ಆ ಎರಡು ಬೆರಳುಗಳನ್ನು ನೋಡಿದೆವು.

"ಇರಲಿ ಬಿಡು, ಪಕ್ಕದ ಮನೆಗಾದ್ರೂ ಬಂತಲ್ಲ," ಎಂದರು ಅತ್ತೆ.

ಒಲೆ ಆರಿಸಲು ಮರೆತಿದ್ದೆವು. ಪಾಕ ಎರಡೆಳೆ ದಾಟಿತ್ತು. ಉಂಡೆ ಕಲ್ಲಾಯಿತು. ಸಂಜೆ ನೈವೇದ್ಯವಾದ ಮೇಲೆ ಮಗಳು ಒಂದನ್ನು ಕಚ್ಚಿ ನೋಡಿ, ಸುತ್ತಿಗೆ ಎಲ್ಲಿದೆ ಎಂದು ಕೇಳಿದಳು.