ಮಾಯಪ್ಪ ತೋರಿಸಿದ ಸಂದು

ಶಹಾಪುರದಲ್ಲಿ ನಮ್ಮ ಬಾಜೂ ಖೋಲಿಯಲ್ಲಿ ಮಾಯಪ್ಪ ಹದಿಮೂರು ವರ್ಷ ಇದ್ದ. ಹರೆಯದಲ್ಲಿ ಖಾನಾಪುರದ ಗುಡ್ಡಗಳಲ್ಲಿ ಕುರಿ ಕಾಯ್ದವನು. ಎಪ್ಪತ್ತೊಂದನೇ ಇಸವಿಯಲ್ಲಿ ಬೆಳಗಾವಿಗೆ ಬಂದು, ಹೆಣ ಕೊಯ್ದು ಡಾಕ್ಟರಕಿ ಕಲಿಸುವ ಕೋಣೆಯಲ್ಲಿ ಜವಾನನಾದ. ಹೆಣ ಮುಟ್ಟುವವನೆಂದು ಓಣಿಯವರು ಅವನಿಂದ ದೂರ ಇದ್ದರು. ನಾನೂ ಇದ್ದೆ, ಸುಳ್ಳು ಯಾಕೆ ಹೇಳಲಿ?

ಓದಿನಲ್ಲಿ ಇಬ್ಬರದೂ ನಾಲ್ಕನೇ ಇಯತ್ತೆ. ಆದರೆ ಅವನು ದೊಡ್ಡ ಡಾಕ್ಟರರ ಪಾಠವನ್ನು ಬಾಗಿಲ ಬಳಿ ನಿಂತೇ ವರ್ಷಗಟ್ಟಲೆ ಕೇಳಿದ್ದ. ಹೊಸ ವಿದ್ಯಾರ್ಥಿಗಳು ಮೆದುಳನ್ನು ತಲೆಕೆಳಗು ಹಿಡಿದರೆ ಇವನೇ ತಿರುಗಿಸಿ ಕೊಡುತ್ತಿದ್ದನಂತೆ.

ಎಂಬತ್ತಮೂರರಲ್ಲಿ ನನ್ನ ಹೆಂಡತಿ ರೇಣವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದವು. ಅದಕ್ಕೆ ಒಂದು ತಾಸು ಮೊದಲು, ಮಗ್ಗದಲ್ಲಿ ಅಡ್ಡ ನೂಲು ಒಯ್ಯುವ ಲಾಳಿ ಸಿಕ್ಕಿಕೊಂಡಿತೆಂದು ನಾನು ಸಿಟ್ಟಿನಿಂದ ಅದನ್ನು ಕಿತ್ತು ಗೋಡೆಗೆ ಒಗೆದಿದ್ದೆ, ಅವಳಿಗೂ ಬೈದಿದ್ದೆ. ದವಾಖಾನೆಯಿಂದ ಬಂದ ಮೇಲೆ ಅವಳ ಬಾಯಲ್ಲಿ ಉಳಿದದ್ದು ಒಂದೇ ಮಾತು: ಲಾಳಿ. ನೀರು ಬೇಕಾದರೂ ಲಾಳಿ, ದಿಂಬು ಸರಿಸಬೇಕಾದರೂ ಲಾಳಿ. ನೋಡಲು ಬಂದ ಬೀಗರ ಎದುರಿಗೆ ನನ್ನನ್ನೇ ನೋಡುತ್ತ ಲಾಳಿ ಅಂದಳು. ನಾಲ್ಕು ಮಂದಿಯಲ್ಲಿ ನನ್ನ ಮಾನ ತೆಗೆಯುತ್ತಿದ್ದಾಳೆ ಎಂದುಕೊಂಡೆ. ಒಳಗೆ ಬೇರೆ ಅಂಜಿಕೆ ಇತ್ತು: ನನ್ನ ಕೈಯಿಂದಲೇ ಹೀಗಾಯಿತೇ? ಅಂಜಿಕೆ ಬಂದರೆ ನನ್ನ ಬಾಯಿ ದೊಡ್ಡದಾಗುತ್ತದೆ. ದಿನವೂ ಅವಳ ಮೇಲೆ ಒದರುತ್ತಿದ್ದೆ.

ಗೋಡೆಯಾಚೆ ಕೇಳಿಸಿಕೊಂಡ ಮಾಯಪ್ಪ ಒಂದು ಮುಂಜಾನೆ ಬಾಗಿಲಿಗೆ ಬಂದ. “ಸಾತಪ್ಪಣ್ಣ, ಆಕಿ ಕಿವಿ ನೆಟ್ಟಗ ಅದಾವು, ಯಾಕ ಒದರ್ತಿ? ರವಿವಾರ ನನ್ನ ಜೋಡಿ ಬಾ,” ಅಂದ.

ಹೋದೆ. ಆ ಹೆಣ ಕೊಯ್ಯುವ ಕೋಣೆಗೆ ನನ್ನನ್ನು ಒಯ್ಯಲು ಅವನು ದೊಡ್ಡ ಡಾಕ್ಟರರ ಅಪ್ಪಣೆ ಕೇಳಿಯೇ ಇಟ್ಟಿದ್ದ. ಬರಣಿಯಿಂದ ಒಂದು ಮೆದುಳು ತೆಗೆದು, ಅದಕ್ಕೆ ನಮಸ್ಕರಿಸಿ ನನ್ನ ಅಂಗೈಯಲ್ಲಿಟ್ಟ. ಗಟ್ಟಿ ಗಿಣ್ಣಿನಂತಿತ್ತು, ಒಂದೂಕಾಲು ಕಿಲೋ ಇದ್ದೀತು. ಮಡಿಕೆ ಮಡಿಕೆಯ ಎರಡು ಹೋಳು. ಹಿಂದೆ ಕೆಳಗಿರುವ ಸಣ್ಣ ಮೆದುಳು ನಡೆಯುವಾಗ ಬೀಳದಂತೆ ತೋಲ ಹಿಡಿಯುತ್ತದೆ, ಅದರ ಮುಂದಿನ ದಂಟು ಉಸಿರನ್ನು ನಡೆಸುತ್ತದೆ ಎಂದ. ಎಡಹೋಳು ಬಲಗೈಯನ್ನು ಆಳುತ್ತದೆ. ಹೆಚ್ಚಿನವರ ಮಾತೂ ಎಡಕ್ಕೇ ಇರುತ್ತದೆ. ಈ ಮೆದುಳಿನ ಎಡಕ್ಕೆ ಒಂದು ಕಡೆ ತಗ್ಗು ಬಿದ್ದಿತ್ತು. ಇದು ಯಾರದೋ ಅವನಿಗೂ ರೇಣವ್ವನಿಗಾದಂತೆಯೇ ಆಗಿತ್ತು ಎಂದ.

ನಾನು ನೇಕಾರ. ಎಳೆ ಹರಿದಿದ್ದರೆ ಗಂಟು ಹಾಕಿಸೋಣ, ಯಾವ ಡಾಕ್ಟರು ಹಾಕುತ್ತಾರೆ ಹೇಳು ಎಂದೆ.

ಅವನು ನಕ್ಕ. “ನಿನಗ ಎಲ್ಲಾ ನೂಲಾಗೇ ಕಾಣತೈತಿ ನೋಡು. ಇದು ನೂಲಲ್ಲೋ ಮಾರಾಯ.”

ಆಮೇಲೆ ಬಿಡಿಸಿ ಹೇಳಿದ. ಒಳಗೆ ಇರುವುದು ಕೋಟಿಗಟ್ಟಲೆ ಸಣ್ಣ ಜೀವಕಣಗಳು. ಒಂದೊಂದಕ್ಕೂ ಬಾಲವಿದೆ, ಆದರೆ ಒಂದರ ಬಾಲ ಇನ್ನೊಂದನ್ನು ಮುಟ್ಟುವುದಿಲ್ಲ. ನಡುವೆ ಕಣ್ಣಿಗೆ ಕಾಣದ ಸಂದು. ಬಾಲದಲ್ಲಿ ಕರೆಂಟಿನಂತೆ ಓಡಿದ ಸುದ್ದಿ ಸಂದಿನ ದಂಡೆಗೆ ನಿಲ್ಲುತ್ತದೆ. ಅಲ್ಲಿ ಒಂದಿಷ್ಟು ರಸ ಜಿನುಗುತ್ತದೆ. ಆಚೆಯದು ಆ ರಸ ಹಿಡಿದು ಸುದ್ದಿಯನ್ನು ಮುಂದೆ ದಾಟಿಸುತ್ತದೆ, ಇಲ್ಲವೇ ಸುಮ್ಮನಿರುತ್ತದೆ.

“ನಾವು ಗುಡ್ಡದಾಗ ಕೂಗು ಹಾಕ್ತಿದ್ವಿ,” ಅಂದ. “ಈ ದಿನ್ನಿಯವ ಕೂಗಿದ್ರ ಆ ದಿನ್ನಿಯವ ಕೇಳಿ ಮುಂದಿನವಗ ಕೂಗಾಂವ. ರೇಣವ್ವನ ತಲ್ಯಾಗ ನಡುವಿನ ಕುರುಬರು ಸತ್ತಾರ. ಉಳದವ್ರು ಸುತ್ತ ಹಾದಿ ಕಲೀಬೇಕು. ಕಲಿತಾರೋ ಇಲ್ಲೋ, ನಾ ಹ್ಯಾಂಗ ಹೇಳ್ಲಿ? ಆಕಿ ಕೇಳೂದು ನೀರು. ಬಾಯಿಗೆ ಸಿಗೂದು ಲಾಳಿ. ನಿನ್ನ ಬೈಯಾಕತ್ತಿಲ್ಲ.”

ಮೆದುಳನ್ನು ಅವನ ಕೈಗೆ ತಿರುಗಿ ಕೊಟ್ಟು, ಇದು ನನ್ನಿಂದ ಆಯಿತೇ ಎಂದು ಕೇಳಿದೆ.

“ಅದು ನನಗ ಗೊತ್ತಿಲ್ಲ,” ಅಂದ. “ಒದರಿದ್ರ ಆಕಿಗೆ ಸಿಗೂ ಮಾತೂ ಸಿಗೂದಿಲ್ಲ. ಅಷ್ಟು ಗೊತ್ತೈತಿ.”

ಮನೆಗೆ ಬಂದು ಒಂದು ಸಲಕ್ಕೆ ಒಂದೇ ಮಾತು ಕೇಳಿ ಕಾಯುವುದನ್ನು ರೂಢಿ ಮಾಡಿಕೊಂಡೆ. ನನ್ನಂಥವನಿಗೆ ಅದು ಮಗ್ಗ ಹೊತ್ತು ನಡೆದಂತೆ. ದೀಪಾವಳಿ ಕಳೆದ ಮೇಲೊಂದು ದಿನ ಅವಳ ತುಟಿ ಅಲುಗಿತು. ನೀರೇನು ಎಂದು ನಾನೇ ಬಾಯಿ ಹಾಕಿದೆ. ಅವಳು ಕೈ ಎತ್ತಿ, “ತಡೀರಿ,” ಅಂದಳು.

ತಡೆದೆ. ನೀರಲ್ಲ, ಚಾದರ ಬೇಕಾಗಿತ್ತು. ಅದನ್ನೂ ಅವಳೇ ಅಂದಳು, ಅರ್ಧ ಮಾತಿನಲ್ಲಿ.

ಓಡಿಹೋಗಿ ಮಾಯಪ್ಪನಿಗೆ ಹೇಳಿದೆ. ಅವನು ಹಿಗ್ಗಲಿಲ್ಲ. ಯಾವ ಕೈ ಎತ್ತಿದಳು ಎಂದು ಕೇಳಿದ. ಎಡಗೈ ಎಂದೆ.

“ಹಂಗಾರ ಬಲಗೈ ಬಾಕಿ ಐತಿ,” ಎನ್ನುತ್ತ ಚಪ್ಪಲಿ ಮೆಟ್ಟಿ ನಮ್ಮ ಮನೆ ಕಡೆ ಹೊರಟ.